ದೇಶ ನಡೆಸುವವರ ಜೇಬಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಇರಬಹುದಾ?

2025ರ ಮಾರ್ಚ್ 15ರಂದು ಅಮೆರಿಕದ 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಒಂದು ಸೂಪರ್‌ಮಾರ್ಕೆಟ್ ಹೊರಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಯೆಮೆನ್ ಮೇಲೆ ನಿಜಕ್ಕೂ ಬಾಂಬ್ ಬೀಳುತ್ತಾ ಇಲ್ವಾ ಅಂತ ಅವರಿಗೆ ಗೊತ್ತಾಗಬೇಕಿತ್ತು. ಸುಮಾರು ಎರಡು ಗಂಟೆ ಮುಂಚೆ, 11:44ಕ್ಕೆ, ಅಮೆರಿಕದ ರಕ್ಷಣಾ ಸಚಿವ ಪೀಟ್ ಹೆಗ್ಸೆತ್ ದಾಳಿಯ ವೇಳಾಪಟ್ಟಿಯನ್ನು ಸಿಗ್ನಲ್ ಆ್ಯಪ್‌ನ ಒಂದು ಗ್ರೂಪಿಗೆ ಹಾಕಿದ್ದರು. ಯಾವ ವಿಮಾನ ಎಷ್ಟು ಹೊತ್ತಿಗೆ ಹೊರಡುತ್ತೆ ಅನ್ನೋದೂ ಅದರಲ್ಲಿತ್ತು. ಆ ಗ್ರೂಪಿಗೆ ಈ ಪತ್ರಕರ್ತರನ್ನು ಸೇರಿಸಿದ್ದು ಆಗ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೈಕ್ ವಾಲ್ಟ್ಸ್, ಅದೂ ಕಣ್ತಪ್ಪಿನಿಂದ. ಹೇಳಿದ ಹೊತ್ತಿಗೇ ಸನಾ ನಗರದಲ್ಲಿ ಸ್ಫೋಟಗಳು ಕೇಳಿಸಿದವು.

ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಒಳಗಿನ ತಪ್ಪುಗಳ ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಅವರ ವರದಿ ಹೊರಬಂತು. ಸಚಿವರು ಆ ಸಂದೇಶ ಕಳಿಸಿದ್ದು ಸ್ವಂತ ಫೋನಿನಿಂದ, ಅದು ಇಲಾಖೆಯ ನಿಯಮಕ್ಕೆ ವಿರುದ್ಧ, ಇದರಿಂದ ಸೈನಿಕರ ಜೀವಕ್ಕೆ ಅಪಾಯ ಬರುವ ಸಾಧ್ಯತೆ ಇತ್ತು ಎಂದು ಅದರಲ್ಲಿ ಹೇಳಲಾಗಿದೆ.

ಇಂಥ ಸುದ್ದಿ ಓದಿದಾಗ ನಮ್ಮಂಥವರಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ. ನಾವೆಲ್ಲ ದಿನಾ ಹಿಡಿದುಕೊಂಡು ಓಡಾಡುವ ಫೋನನ್ನೇ ಒಬ್ಬ ಪ್ರಧಾನಿ ಅಥವಾ ಅಧ್ಯಕ್ಷರು ಬಳಸಿದರೆ ಅದರಲ್ಲಿ ಅಂಥದ್ದೇನು ತಪ್ಪು? ಮೊದಲಿಂದ ನೋಡೋಣ.

ಸರ್ಕಾರಿ ಫೋನ್ ಅಂದರೆ ಏನು?

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಎಷ್ಟೋ ಸಲ ಕಂಪನಿ, ಮಾಡೆಲ್ ಕೂಡ ಒಂದೇ. ವ್ಯತ್ಯಾಸ ಇರುವುದು ಅದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದರಲ್ಲಿ.

ಸರ್ಕಾರ ಕೊಡುವ ಫೋನಿನಲ್ಲಿ ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು ಎಂದು ತಜ್ಞರ ತಂಡ ತೀರ್ಮಾನ ಮಾಡುತ್ತದೆ. ಅಪ್‌ಡೇಟ್ ಸರಿಯಾಗಿ ಆಗುತ್ತಿದೆಯಾ, ಗೊತ್ತಿಲ್ಲದ ಸಾಫ್ಟ್‌ವೇರ್ ಏನಾದರೂ ಒಳಗೆ ಸೇರಿಕೊಂಡಿದೆಯಾ ಎಂದು ಅವರೇ ಆಗಾಗ ಪರೀಕ್ಷೆ ಮಾಡುತ್ತಾರೆ. ಕೆಲವು ಸಲ ಕ್ಯಾಮೆರಾ, ಮೈಕ್, ಲೊಕೇಶನ್ ಎಲ್ಲ ತೆಗೆದೇ ಹಾಕುತ್ತಾರೆ. ಸ್ವಂತ ಫೋನಿನಲ್ಲಿ ಇದೆಲ್ಲ ಮಾಲೀಕರ ತಲೆಗೇ ಬರುತ್ತದೆ. ಮತ್ತು ಆ ಮಾಲೀಕರು ದಿನಕ್ಕೆ ಹದಿನೈದು ಸಭೆ ಇರುವ ವ್ಯಕ್ತಿ.

ಬರಾಕ್ ಒಬಾಮ 2009ರಲ್ಲಿ ಅಧ್ಯಕ್ಷರಾದಾಗ ಬ್ಲ್ಯಾಕ್‌ಬೆರಿ ಬಿಡೋದಿಲ್ಲ ಎಂದು ಹಟ ಹಿಡಿದರು. ಕೊನೆಗೆ ಒಂದು ರಾಜಿ ಆಯಿತು. ಭದ್ರತಾ ಸಂಸ್ಥೆಯವರು ಬದಲಾವಣೆ ಮಾಡಿದ ಫೋನ್ ಕೊಟ್ಟರು, ಅದರಲ್ಲಿ ಕೆಲವೇ ಕೆಲವು ಜನರ ಜೊತೆ ಮಾತ್ರ ಸಂಪರ್ಕ ಇಟ್ಟುಕೊಳ್ಳಬಹುದಿತ್ತು. ಅಧಿಕಾರದ ಕೊನೇ ವರ್ಷ ಅವರಿಗೆ ಒಂದು ಸ್ಮಾರ್ಟ್‌ಫೋನ್ ಸಿಕ್ಕಿತು. ಅದರಲ್ಲಿ ಫೋಟೊ ತೆಗೆಯೋ ಹಾಗಿಲ್ಲ, ಮೆಸೇಜ್ ಕಳಿಸೋ ಹಾಗಿಲ್ಲ, ಹಾಡು ಕೇಳೋ ಹಾಗೂ ಇಲ್ಲ ಎಂದು ಅವರೇ ಒಂದು ಟಿವಿ ಕಾರ್ಯಕ್ರಮದಲ್ಲಿ ಹೇಳಿಕೊಂಡಿದ್ದರು.

ದಾರಿಯಲ್ಲಿ ಕದಿಯೋದು, ಮನೆಯೊಳಗೇ ಕದಿಯೋದು

ಫೋನಿನ ಮಾತು ಬೇರೆಯವರ ಕೈಗೆ ಸಿಗುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ನೆಟ್‌ವರ್ಕ್, ಇನ್ನೊಂದು ಫೋನೇ.

ನೆಟ್‌ವರ್ಕ್ ವಿಷಯ ಮೊದಲು. ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಯ ಸಿಮ್‌ಗೆ ಕರೆ ಹೋಗಬೇಕಾದರೆ, ಅಥವಾ ನೀವು ಬೇರೆ ದೇಶಕ್ಕೆ ಹೋದಾಗ ನಿಮ್ಮ ಫೋನ್ ಅಲ್ಲೂ ಕೆಲಸ ಮಾಡಬೇಕಾದರೆ, ಟೆಲಿಕಾಂ ಕಂಪನಿಗಳು ತಮ್ಮೊಳಗೆ ಮಾತಾಡಿಕೊಳ್ಳಬೇಕು. ಅದಕ್ಕೆ ಎಸ್‌ಎಸ್‌7 ಎಂಬ ವ್ಯವಸ್ಥೆ ಇದೆ. ಇದು ಹುಟ್ಟಿದ್ದು 1970ರ ದಶಕದಲ್ಲಿ. ಆಗ ಫೋನ್ ಕಂಪನಿಗಳು ಬೆರಳೆಣಿಕೆಯಷ್ಟು, ಹೆಚ್ಚಿನವು ಸರ್ಕಾರದ್ದೇ. ಹಾಗಾಗಿ ಒಬ್ಬರನ್ನೊಬ್ಬರು ನಂಬುತ್ತಾರೆ ಎಂಬ ಲೆಕ್ಕದಲ್ಲೇ ಅದನ್ನು ಕಟ್ಟಿದರು. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ. 2016ರಲ್ಲಿ ಜರ್ಮನಿಯ ಭದ್ರತಾ ಸಂಶೋಧಕರು ಅಮೆರಿಕದ ಸಂಸದ ಟೆಡ್ ಲಿಯು ಅವರ ಒಪ್ಪಿಗೆ ಪಡೆದು, ಅವರ ಫೋನ್ ನಂಬರ್ ಒಂದನ್ನೇ ಇಟ್ಟುಕೊಂಡು, ಅವರ ಕರೆಗಳನ್ನು ಕೇಳಿಸಿಕೊಂಡು ಟಿವಿಯಲ್ಲೇ ತೋರಿಸಿದರು. ಫೋನ್ ಮುಟ್ಟಲೂ ಇಲ್ಲ. ಬೇಕಾಗಿದ್ದು ನಂಬರ್ ಮಾತ್ರ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಬ್ರಿಟನ್‌ನ ಒಂದು ಪ್ರಸಂಗ ನೋಡಿ. ಬೋರಿಸ್ ಜಾನ್ಸನ್ ಪ್ರಧಾನಿಯಾಗಿದ್ದಾಗ ಬಳಸುತ್ತಿದ್ದ ಮೊಬೈಲ್ ನಂಬರ್ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. 2006ರಲ್ಲಿ, ಅವರಿನ್ನೂ ವಿರೋಧ ಪಕ್ಷದಲ್ಲಿದ್ದಾಗ ಹೊರಡಿಸಿದ ಒಂದು ಪತ್ರಿಕಾ ಪ್ರಕಟಣೆಯ ಕೆಳಗೆ ಆ ನಂಬರ್ ಇತ್ತು. ಅದು ಬೆಳಕಿಗೆ ಬಂದಿದ್ದು 2021ರಲ್ಲಿ. ಹದಿನೈದು ವರ್ಷ ಯಾರು ಬೇಕಾದರೂ ನೋಡಬಹುದಿತ್ತು. ಸ್ವಂತ ನಂಬರ್ ಅಂದರೆ ಹೀಗೇ ಅಲ್ವಾ, ಹಳೇ ಸ್ನೇಹಿತರು, ಹಳೇ ಕಚೇರಿ, ಹಳೇ ಫಾರ್ಮ್‌ಗಳು, ಎಲ್ಲ ಕಡೆ ಇರುತ್ತದೆ. ಅಧಿಕಾರ ಸಿಕ್ಕ ದಿನ ಅದು ತಾನಾಗಿ ಅಳಿಸಿಹೋಗುವುದಿಲ್ಲ.

2024ರಲ್ಲಿ ಇನ್ನೂ ದೊಡ್ಡ ವಿಷಯ ಹೊರಬಂತು. 'ಸಾಲ್ಟ್ ಟೈಫೂನ್' ಎಂದು ಹೆಸರಿಟ್ಟ ಹ್ಯಾಕರ್ ತಂಡವೊಂದು ಅಮೆರಿಕದ ದೊಡ್ಡ ದೊಡ್ಡ ಟೆಲಿಕಾಂ ಕಂಪನಿಗಳ ಒಳಗೇ ನುಗ್ಗಿತ್ತು. ಇದರ ಹಿಂದೆ ಚೀನಾ ಇದೆ ಎನ್ನುವುದು ಅಮೆರಿಕದ ಆರೋಪ, ಚೀನಾ ಅದನ್ನು ಅಲ್ಲಗಳೆದಿದೆ. ಆಗ ಚುನಾವಣೆಗೆ ನಿಂತಿದ್ದ ಡೊನಾಲ್ಡ್ ಟ್ರಂಪ್ ಮತ್ತು ಜೆ.ಡಿ. ವ್ಯಾನ್ಸ್ ಅವರ ಫೋನ್‌ಗಳೂ ಗುರಿಯಾಗಿದ್ದವು ಎಂದು ವರದಿಯಾಯಿತು. ಆಮೇಲೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯೇ ದೊಡ್ಡ ಹುದ್ದೆಯಲ್ಲಿರುವವರಿಗೆ ಒಂದು ಸಲಹೆ ಕೊಟ್ಟಿತು. ಮಾಮೂಲಿ ಕರೆ, ಎಸ್‌ಎಂಎಸ್ ಬಿಡಿ, ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇರುವ ಆ್ಯಪ್ ಬಳಸಿ ಅಂತ. ಸಿಗ್ನಲ್ ಅಂಥದ್ದೇ ಒಂದು ಆ್ಯಪ್.

ಹಾಗಾದರೆ ಸಿಗ್ನಲ್ ಬಳಸಿದರೆ ಆಯ್ತಲ್ಲ? ಇಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪತ್ರ ಬರೆದು ಲಕೋಟೆಗೆ ಹಾಕಿ ಗಟ್ಟಿಯಾಗಿ ಅಂಟಿಸಿದರೆ ದಾರಿಯಲ್ಲಿ ಯಾರೂ ಓದೋಕಾಗಲ್ಲ. ಎನ್‌ಕ್ರಿಪ್ಶನ್ ಮಾಡುವ ಕೆಲಸ ಇಷ್ಟೇ, ಮತ್ತು ಅದನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಬರೆಯುವಾಗಲೇ ಒಬ್ಬ ಹಿಂದೆ ನಿಂತು ಇಣುಕುತ್ತಿದ್ದರೆ ಲಕೋಟೆ ಏನು ಮಾಡೀತು? ಇಲ್ಲಾ ಲಕೋಟೆ ಮೇಲೆ ನೀವೇ ತಪ್ಪು ವಿಳಾಸ ಬರೆದರೆ? ಗೋಲ್ಡ್‌ಬರ್ಗ್ ವಿಷಯದಲ್ಲಿ ಆಗಿದ್ದು ಈ ಎರಡನೆಯದು. ಬೇರೊಬ್ಬರ ಹೆಸರಿನಲ್ಲಿ ಅವರ ನಂಬರ್ ಸೇವ್ ಆಗಿತ್ತು ಎಂದು ನಂತರ ವರದಿಗಳು ಬಂದವು. ಯಾರೂ ಸಿಗ್ನಲ್ ಹ್ಯಾಕ್ ಮಾಡಲಿಲ್ಲ. ಸರ್ಕಾರದ ಗುಪ್ತ ಜಾಲದಲ್ಲಾಗಿದ್ದರೆ ಅಲ್ಲಿ ಹೊರಗಿನವರ ನಂಬರೇ ಇರುವುದಿಲ್ಲ, ಈ ತಪ್ಪು ಆಗುವುದಕ್ಕೇ ಜಾಗ ಇರುತ್ತಿರಲಿಲ್ಲ.

ಹಿಂದೆ ನಿಂತು ಇಣುಕುವವನು

ಈಗ ಎರಡನೇ ದಾರಿ, ಫೋನಿನೊಳಗೇ ನುಗ್ಗುವುದು. ಇದಕ್ಕೆ ಬಳಸುವ ಸಾಫ್ಟ್‌ವೇರ್‌ಗೆ ಸ್ಪೈವೇರ್ ಎನ್ನುತ್ತಾರೆ. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ತಯಾರಿಸಿದ ಪೆಗಾಸಸ್ ಹೆಸರು ಕೇಳಿರುತ್ತೀರಿ. ಸರ್ಕಾರಿ ಸಂಸ್ಥೆಗಳಿಗೆ ಮಾತ್ರ, ಅಪರಾಧ ಮತ್ತು ಭಯೋತ್ಪಾದನೆ ತಡೆಯುವುದಕ್ಕೆ ಮಾರುತ್ತೇವೆ ಎನ್ನುವುದು ಆ ಕಂಪನಿಯ ಮಾತು.

ಮೊದಲೆಲ್ಲ ಯಾವುದೋ ಲಿಂಕ್ ಒತ್ತಿದರೆ ಮಾತ್ರ ಅಪಾಯ ಅಂತ ಇತ್ತು. ಈಗ ಝೀರೊ ಕ್ಲಿಕ್ ದಾಳಿ ಬಂದಿದೆ. ಒಂದು ಮೆಸೇಜ್ ಬರುತ್ತದೆ, ಅದನ್ನು ತೆರೆಯಲು ಫೋನ್ ತಾನೇ ಒಳಗೊಳಗೇ ತಯಾರಿ ಮಾಡಿಕೊಳ್ಳುತ್ತದೆ, ಆ ತಯಾರಿಯಲ್ಲಿರುವ ಯಾವುದೋ ಸಣ್ಣ ದೋಷದ ಮೂಲಕ ಸ್ಪೈವೇರ್ ಒಳಗೆ ಬರುತ್ತದೆ. ಮಾಲೀಕರು ಏನೂ ಒತ್ತಿರುವುದಿಲ್ಲ, ಎಷ್ಟು ಹುಷಾರಾಗಿದ್ದರೂ ಪ್ರಯೋಜನ ಇಲ್ಲ. ಒಮ್ಮೆ ಒಳಗೆ ಬಂದರೆ ಮೆಸೇಜ್ ಓದಬಹುದು, ಫೋಟೊ ನಕಲು ಮಾಡಬಹುದು, ಮೈಕ್ ಆನ್ ಮಾಡಿ ಕೋಣೆಯಲ್ಲಿ ನಡೆಯುವ ಮಾತನ್ನೇ ಕೇಳಬಹುದು. ಸುಮ್ನೆ ಮೇಜಿನ ಮೇಲೆ ಇಟ್ಟ ಫೋನ್ ಸಾಕು. ಈ ಕಾರಣಕ್ಕೇ ಹಲವು ದೇಶಗಳಲ್ಲಿ ಗುಪ್ತ ಚರ್ಚೆ ನಡೆಯುವ ಕೋಣೆಯ ಹೊರಗೆ ಫೋನ್ ಇಡಲು ಪೆಟ್ಟಿಗೆ ಇರುತ್ತದೆ. ಭಾರತದಲ್ಲೂ ಕೇಂದ್ರ ಸಂಪುಟ ಸಭೆಗೆ ಮೊಬೈಲ್ ತರಬಾರದು ಎಂದು 2016ರಲ್ಲಿ ಸೂಚನೆ ಹೋಗಿತ್ತು.

ಸ್ಪೇನ್ ಪ್ರಧಾನಿ ಪೆಡ್ರೊ ಸ್ಯಾಂಚೆಜ್ ಅವರ ಫೋನಿಗೆ 2021ರ ಮೇ ತಿಂಗಳಲ್ಲಿ ಎರಡು ಸಲ ಪೆಗಾಸಸ್ ನುಗ್ಗಿತ್ತು. ಮೊದಲ ಸಲ 2.6 ಗಿಗಾಬೈಟ್, ಎರಡನೇ ಸಲ 130 ಮೆಗಾಬೈಟ್ ಮಾಹಿತಿ ಹೊರಗೆ ಹೋಯಿತು. ಸ್ಪೇನ್ ಸರ್ಕಾರವೇ ಇದನ್ನು 2022ರ ಮೇ 2ರಂದು ಬಹಿರಂಗವಾಗಿ ಹೇಳಿತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅದು ಅವರ ಸರ್ಕಾರಿ ಫೋನ್! ಅಂದರೆ ಸರ್ಕಾರಿ ಫೋನ್ ಕೊಟ್ಟ ಕೂಡಲೇ ಎಲ್ಲ ಭದ್ರ ಎಂದು ತಿಳಿಯುವ ಹಾಗಿಲ್ಲ. ಆದರೆ ಅದು ಸರ್ಕಾರಿ ಫೋನ್ ಆಗಿದ್ದರಿಂದ ತಡವಾಗಿಯಾದರೂ ಅಧಿಕೃತ ಪರೀಕ್ಷೆ ಆಯಿತು, ಎಷ್ಟು ಮಾಹಿತಿ ಹೋಯಿತು ಎಂಬ ಲೆಕ್ಕ ಸಿಕ್ಕಿತು, ದೇಶಕ್ಕೆ ವಿಷಯ ತಿಳಿಯಿತು. ಯಾರೂ ಮುಟ್ಟದ, ಯಾರೂ ಪರೀಕ್ಷೆ ಮಾಡದ ಸ್ವಂತ ಫೋನಿನಲ್ಲಿ ಇದೇ ನಡೆದಿದ್ದರೆ ಇವತ್ತಿಗೂ ಗೊತ್ತಾಗದೇ ಇರಬಹುದಿತ್ತು. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಶ ಬೇರೆ ಇಲ್ಲ. ಕಳುವಾಗುವುದು ಒಂದು ನಷ್ಟ. ಕಳುವಾಗಿದೆ ಎಂದು ಗೊತ್ತೇ ಆಗದಿರುವುದು ಅದಕ್ಕಿಂತ ದೊಡ್ಡ ನಷ್ಟ, ಯಾಕಂದ್ರೆ ಸೋರಿದ ಮಾಹಿತಿ ಇನ್ನೂ ಗುಟ್ಟಾಗಿಯೇ ಇದೆ ಎಂದು ನಂಬಿಕೊಂಡೇ ಮುಂದಿನ ಮಾತುಕತೆಗೆ ಕೂರುತ್ತೀರಿ.

ಗುಟ್ಟು ಮಾತಾಡದಿದ್ದರೆ ಪರವಾಗಿಲ್ವಾ?

'ಸ್ವಂತ ಫೋನಿನಲ್ಲಿ ಮನೆ ಮಾತು ಮಾತ್ರ ಆಡುತ್ತೇನೆ, ರಾಜ್ಯದ ಗುಟ್ಟು ಆಡಲ್ಲ' ಅನ್ನುವ ವಾದ ಇದೆ. ಕೇಳಲು ಸರಿ ಅನ್ನಿಸುತ್ತದೆ.

ಆದರೆ ಫೋನ್ ಹೇಳುವುದು ಮಾತನ್ನಷ್ಟೇ ಅಲ್ಲ. ಯಾರಿಗೆ ಕರೆ ಹೋಯಿತು, ಎಷ್ಟು ಹೊತ್ತು, ಎಷ್ಟು ಸಲ, ಯಾವ ಊರಿನಿಂದ ಎನ್ನುವುದನ್ನೂ ಹೇಳುತ್ತದೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಲಕೋಟೆಯ ಹೊರಗಿನ ವಿಳಾಸ ಇದ್ದ ಹಾಗೆ, ಅದನ್ನು ಅಂಟಿಸಿ ಮುಚ್ಚೋಕಾಗಲ್ಲ.

2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತು. ಅದರ ಪ್ರಕಾರ ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಬಳಿ ಮೂರು ಐಫೋನ್ ಇದ್ದವು. ಎರಡು ಭದ್ರತಾ ಸಂಸ್ಥೆ ಬದಲಾವಣೆ ಮಾಡಿ ಕೊಟ್ಟವು. ಮೂರನೆಯದು ಸ್ವಂತದ್ದು, ಅಂಗಡಿಯಲ್ಲಿ ಸಿಗುವಂಥದ್ದೇ. ಅದನ್ನು ಇಟ್ಟುಕೊಂಡಿದ್ದಕ್ಕೆ ಕಾರಣ ತೀರಾ ಸಣ್ಣದು, ಅದರಲ್ಲಿ ಕಾಂಟ್ಯಾಕ್ಟ್ಸ್ ಸೇವ್ ಮಾಡಬಹುದಿತ್ತು. ಚೀನಾದ ಗೂಢಚಾರರು ಅವರ ಕರೆಗಳನ್ನು ಕೇಳುತ್ತಿದ್ದರು ಮತ್ತು ಅವರಿಗೆ ಬೇಕಾಗಿದ್ದು ಅಧ್ಯಕ್ಷರು ಯಾರ ಮಾತು ಕೇಳುತ್ತಾರೆ ಎಂಬ ಪಟ್ಟಿ ಎಂದು ಆ ವರದಿ ಹೇಳಿತು. ಆ ಪಟ್ಟಿ ಸಿಕ್ಕರೆ ಅಧ್ಯಕ್ಷರನ್ನು ಒಪ್ಪಿಸುವ ಕಷ್ಟವೇ ಬೇಡ, ಅವರ ಸ್ನೇಹಿತರನ್ನು ಒಪ್ಪಿಸಿದರೆ ಸಾಕು. ಟ್ರಂಪ್ ಈ ವರದಿ ತಪ್ಪು, ನಾನು ಸರ್ಕಾರಿ ಫೋನ್ ಮಾತ್ರ ಬಳಸುತ್ತೇನೆ ಎಂದರು. ಚೀನಾ ಕೂಡ ನಿರಾಕರಿಸಿತು. ವರದಿ ಏನೇ ಇರಲಿ, ಮನೆ ಮಾತಿನಿಂದಲೂ ಎಷ್ಟು ಕೆಲಸ ಆಗುತ್ತೆ ಎನ್ನುವುದು ಇದರಿಂದ ಅರ್ಥವಾಗುತ್ತದೆ.

ಜರ್ಮನಿಯ ಚಾನ್ಸೆಲರ್ ಆಗಿದ್ದ ಏಂಜೆಲಾ ಮರ್ಕೆಲ್ ಅವರ ಫೋನನ್ನು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕದ್ದು ಕೇಳುತ್ತಿತ್ತು ಎಂಬ ಸುದ್ದಿ 2013ರಲ್ಲಿ ಬಂದಾಗ ಚರ್ಚೆಯಾಗಿದ್ದೂ ಅವರ ಪಕ್ಷ ಕೊಟ್ಟಿದ್ದ ಫೋನಿನ ಬಗ್ಗೆಯೇ. ಸ್ನೇಹಿತರೇ ಹೀಗೆ ಮಾಡಬಾರದು ಎಂದು ಮರ್ಕೆಲ್ ಬಹಿರಂಗವಾಗಿ ಬೇಸರಪಟ್ಟರು. ಜರ್ಮನಿಯ ತನಿಖೆ ಮಾತ್ರ ನ್ಯಾಯಾಲಯದಲ್ಲಿ ನಿಲ್ಲುವಂಥ ಸಾಕ್ಷಿ ಸಿಗಲಿಲ್ಲ ಎಂದು 2015ರಲ್ಲಿ ಮುಗಿಯಿತು.

ಇನ್ನು ಇರುವ ಜಾಗ. ರಷ್ಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಚೆಚೆನ್ಯಾದ ನಾಯಕ ಝೋಖರ್ ದುದಾಯೆವ್ 1996ರ ಏಪ್ರಿಲ್‌ನಲ್ಲಿ ಸ್ಯಾಟಲೈಟ್ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ರಷ್ಯಾದ ಕ್ಷಿಪಣಿ ಬಂದು ಬಿತ್ತು. ಇವತ್ತು ಅಷ್ಟೆಲ್ಲ ಕಷ್ಟವೇ ಬೇಡ. 2024ರಲ್ಲಿ ಫ್ರಾನ್ಸ್‌ನ ಲ ಮೊಂದ್ ಪತ್ರಿಕೆ, ಬೈಡನ್, ಮ್ಯಾಕ್ರನ್, ಪುಟಿನ್ ಅವರ ಅಂಗರಕ್ಷಕರು ಓಡುವಾಗ ಬಳಸುವ ಸ್ಟ್ರಾವಾ ಆ್ಯಪ್ ನೋಡಿಕೊಂಡೇ ಈ ನಾಯಕರ ಓಡಾಟ ಪತ್ತೆ ಮಾಡಬಹುದು ಎಂದು ತೋರಿಸಿತು. ಅಂದರೆ ನಾಯಕರ ಫೋನ್ ಒಂದನ್ನೇ ಸರಿ ಮಾಡಿದರೆ ಸಾಲದು.

ಗೊತ್ತಿದ್ದೂ ಯಾಕೆ ಬಿಡಲ್ಲ?

ಇಷ್ಟೆಲ್ಲ ಅಪಾಯ ಇದ್ದರೂ ನಾಯಕರು ಸ್ವಂತ ಫೋನಿಗೆ ಅಂಟಿಕೊಂಡಿರುವುದಕ್ಕೆ ಅಹಂಕಾರ ಒಂದೇ ಕಾರಣ ಅಂದರೆ ಅನ್ಯಾಯವಾಗುತ್ತದೆ. ಭದ್ರ ಫೋನ್‌ಗಳು ನಿಧಾನ. ಆ ಕಡೆಯವರ ಬಳಿಯೂ ಅಂಥದ್ದೇ ಫೋನ್ ಇದ್ದರೆ ಮಾತ್ರ ಪೂರ್ತಿ ಪ್ರಯೋಜನ. ಬೇರೆ ದೇಶದ ಪ್ರಧಾನಿಗಳೆಲ್ಲ ಮೆಸೇಜಿನಲ್ಲೇ ಮಾತಾಡಿಕೊಳ್ಳುತ್ತಿರುವಾಗ ಒಬ್ಬರೇ ಹೊರಗೆ ಉಳಿದರೆ ಕೆಲಸ ಕೆಡುತ್ತದೆ. ಇನ್ನೊಂದು ಇದೆ, ಸುತ್ತ ಇರುವ ಅಧಿಕಾರಿಗಳು ಸೋಸಿ ಕೊಟ್ಟಿದ್ದನ್ನಷ್ಟೇ ಕೇಳುವ ನಾಯಕರಿಗೆ ಹೊರಗೆ ಏನಾಗುತ್ತಿದೆ ಎಂದು ಗೊತ್ತಾಗುವುದೇ ಇಲ್ಲ. ಹಳೇ ಸ್ನೇಹಿತನೊಬ್ಬ ನೇರವಾಗಿ 'ನೀನು ಮಾಡ್ತಿರೋದು ತಪ್ಪು' ಅಂತ ಮೆಸೇಜ್ ಹಾಕುವುದಕ್ಕೂ ಬೆಲೆ ಇದೆ.

ಕೆಲವು ಗಳಿಗೆಗಳಲ್ಲಿ ಫೋನೇ ಸರ್ಕಾರವನ್ನು ಉಳಿಸಿದೆ. 2016ರ ಜುಲೈ 15ರ ರಾತ್ರಿ ಟರ್ಕಿಯಲ್ಲಿ ಸೇನೆಯ ಒಂದು ಗುಂಪು ದಂಗೆ ಎದ್ದಿತು. ಸರ್ಕಾರಿ ಟಿವಿ ಅವರ ಕೈಗೆ ಹೋಗಿತ್ತು. ಆಗ ಅಧ್ಯಕ್ಷ ಎರ್ಡೊಗಾನ್ ಖಾಸಗಿ ಚಾನೆಲ್ ಒಂದಕ್ಕೆ ಫೇಸ್‌ಟೈಮ್‌ನಲ್ಲಿ ಬಂದರು. ನಿರೂಪಕಿ ತನ್ನ ಫೋನನ್ನು ಹಾಗೇ ಕ್ಯಾಮೆರಾಗೆ ಹಿಡಿದರು. ಅಂಗೈಯಗಲದ ಆ ಪರದೆಯಿಂದಲೇ ಅಧ್ಯಕ್ಷರು ಜನರನ್ನು ಬೀದಿಗೆ ಬನ್ನಿ ಎಂದು ಕರೆದರು, ಜನ ಬಂದರು, ದಂಗೆ ನಿಂತಿತು. 2022ರ ಫೆಬ್ರವರಿ 25ರಂದು, ರಷ್ಯಾ ನುಗ್ಗಿದ ಮರುದಿನ, ಉಕ್ರೇನ್ ಅಧ್ಯಕ್ಷ ಝೆಲೆನ್ಸ್ಕಿ ಕೀವ್‌ನ ಬೀದಿಯಲ್ಲಿ ನಿಂತು ಫೋನ್ ಹಿಡಿದು ನಾವೆಲ್ಲ ಇಲ್ಲೇ ಇದ್ದೇವೆ ಎಂದು ಹೇಳಿದ ವಿಡಿಯೊ ಕೂಡ ಅಂಥದ್ದೇ. ಓಡಿಹೋದರು ಎಂಬ ಗಾಳಿಮಾತಿಗೆ ಅಷ್ಟು ಬೇಗ ಉತ್ತರ ಕೊಡುವುದಕ್ಕೆ ಬೇರೆ ದಾರಿ ಇರಲಿಲ್ಲ.

ಇನ್ನೊಂದು ತುದಿಯಲ್ಲಿ ಪುಟಿನ್ ಇದ್ದಾರೆ. ಅವರ ಬಳಿ ಸ್ಮಾರ್ಟ್‌ಫೋನೇ ಇಲ್ಲ ಎಂದು ಕ್ರೆಮ್ಲಿನ್ ಹೇಳುತ್ತಾ ಬಂದಿದೆ.

ಹಾಗಾದರೆ ಏನು ಮಾಡುತ್ತಾರೆ?

ಸಾಮಾನ್ಯವಾಗಿ ನಡೆಯುವುದು ಹಂಚಿಕೆ. ಗುಪ್ತ ವಿಷಯಕ್ಕೆ ಪ್ರತ್ಯೇಕ ಜಾಲ, ದಿನದ ಸರ್ಕಾರಿ ಕೆಲಸಕ್ಕೆ ಸರ್ಕಾರಿ ಫೋನ್, ಮನೆಯವರ ಜೊತೆ ಮಾತಿಗೆ ಮೂರನೆಯದು. ಮೂರನೆಯದಕ್ಕೂ ಹೊಸ ನಂಬರ್, ಆಗಾಗ ತಪಾಸಣೆ. ಅಧಿಕಾರಕ್ಕೆ ಬರುವ ಮುಂಚಿನ ಹಳೇ ಫೋನನ್ನು ಪೂರ್ತಿ ನಿಲ್ಲಿಸುವುದು. ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಅವರ ನಂಬರ್ 2021ರಲ್ಲಿ ಪೆಗಾಸಸ್ ಗುರಿ ಎನ್ನಲಾದ ಪಟ್ಟಿಯಲ್ಲಿ ಕಂಡಾಗ ಅವರು ಫೋನ್, ನಂಬರ್ ಎರಡನ್ನೂ ಬದಲಾಯಿಸಿದರು. ಐಫೋನ್‌ಗಳಲ್ಲಿ 2022ರಿಂದ ಲಾಕ್‌ಡೌನ್ ಮೋಡ್ ಇದೆ, ಆನ್ ಮಾಡಿದರೆ ಹಲವು ಸೌಲಭ್ಯ ಹೋಗುತ್ತವೆ, ದಾಳಿಯ ದಾರಿಗಳೂ ಕಡಿಮೆಯಾಗುತ್ತವೆ. ವಾರಕ್ಕೊಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂದು ಎನ್‌ಎಸ್‌ಎ ಹೇಳುತ್ತದೆ, ಕೆಲವು ಸ್ಪೈವೇರ್ ಅಷ್ಟಕ್ಕೇ ಅಳಿಸಿಹೋಗುತ್ತದೆ.

ಕಷ್ಟ ಏನೆಂದರೆ ಯಾರೂ ದೇಶದ ನಾಯಕರ ಕೈಯಿಂದ ಫೋನ್ ಕಿತ್ತುಕೊಳ್ಳಲಾರರು. ಭದ್ರತಾ ಅಧಿಕಾರಿ ಸಲಹೆ ಕೊಡಬಹುದು, ಅಷ್ಟೇ. ಕೆಳಗಿನ ಸಿಬ್ಬಂದಿಗೆ ಶಿಕ್ಷೆ ಆಗುವ ತಪ್ಪಿಗೆ ಮೇಲಿನವರಿಗೆ ಏನೂ ಆಗದೇ ಹೋದರೆ ನಿಯಮದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ.

ಗೂಢಚಾರರಿಗೆ ಸಂಬಂಧವೇ ಇಲ್ಲದ ತೊಂದರೆ

ಭದ್ರತೆಯ ಗಲಾಟೆಯಲ್ಲಿ ದಾಖಲೆಯ ವಿಷಯ ಮರೆತೇ ಹೋಗುತ್ತದೆ. ಸರ್ಕಾರದ ತೀರ್ಮಾನ ಯಾಕೆ ಆಯಿತು, ಯಾರ ಜೊತೆ ಮಾತಾಡಿ ಆಯಿತು ಎನ್ನುವುದು ಕಡತದಲ್ಲಿ ಇರಬೇಕು. ನಾಳೆ ನ್ಯಾಯಾಲಯ ಕೇಳಬಹುದು, ಸಂಸತ್ತು ಕೇಳಬಹುದು, ನಾವೂ ಕೇಳಬಹುದು. ಅಮೆರಿಕದಲ್ಲಿ 1978ರ ಕಾಯ್ದೆ ಪ್ರಕಾರ ಅಧ್ಯಕ್ಷರ ದಾಖಲೆಗಳು ಸಾರ್ವಜನಿಕ ಆಸ್ತಿ. ಸ್ವಂತ ಖಾತೆಯಿಂದ ಸರ್ಕಾರಿ ಸಂದೇಶ ಕಳಿಸಿದರೆ 20 ದಿನದೊಳಗೆ ಅದರ ನಕಲು ಸರ್ಕಾರಿ ಖಾತೆಗೆ ಹೋಗಬೇಕು ಎಂದು 2014ರಲ್ಲಿ ತಿದ್ದುಪಡಿಯನ್ನೂ ತಂದರು.

ಆದರೆ ಯೆಮೆನ್ ಗ್ರೂಪಿನ ಕೆಲವು ಸಂದೇಶಗಳು ಒಂದು ವಾರಕ್ಕೆ, ಕೆಲವು ನಾಲ್ಕು ವಾರಕ್ಕೆ ತಾವಾಗಿ ಅಳಿಸಿಹೋಗುವ ಹಾಗೆ ಸೆಟ್ ಆಗಿದ್ದವು. ನ್ಯಾಯಾಲಯ ಮಧ್ಯೆ ಬಂದು ಅವನ್ನು ಉಳಿಸಿ ಎಂದು ಆದೇಶ ಮಾಡಬೇಕಾಯಿತು. ನೆದರ್‌ಲ್ಯಾಂಡ್ಸ್ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಸ್ಮಾರ್ಟ್‌ಫೋನ್ ಅಲ್ಲ, ಹಳೇ ನೋಕಿಯಾ ಬಳಸುತ್ತಿದ್ದರು. ಆದರೂ ಇದೇ ತೊಂದರೆ ಬಂತು. ಫೋನಿನಲ್ಲಿ ಜಾಗ ಸಾಲುವುದಿಲ್ಲ ಎಂದು ಎಸ್‌ಎಂಎಸ್‌ಗಳನ್ನು ಅವರೇ ಅಳಿಸುತ್ತಿದ್ದರು, ಮುಖ್ಯ ಅನ್ನಿಸಿದ್ದನ್ನು ಮಾತ್ರ ಅಧಿಕಾರಿಗಳಿಗೆ ಕಳಿಸುತ್ತಿದ್ದರು. ಯಾವುದು ಮುಖ್ಯ ಎಂದು ತೀರ್ಮಾನ ಮಾಡುತ್ತಿದ್ದವರು ಅವರೊಬ್ಬರೇ. ಇದು 2022ರಲ್ಲಿ ಹೊರಬಂದಾಗ ಅಲ್ಲಿ ದೊಡ್ಡ ಗದ್ದಲವಾಯಿತು.

ಜಾನ್ಸನ್ ಅವರ ಕತೆಗೂ ಮುಂದಿನ ಭಾಗ ಇದೆ. ನಂಬರ್ ಎಲ್ಲರಿಗೂ ಗೊತ್ತಾಯಿತು ಎಂದು ಭದ್ರತೆಯವರ ಸಲಹೆ ಮೇರೆಗೆ ಆ ಫೋನನ್ನು ಆಫ್ ಮಾಡಿ ಇಟ್ಟರು. ಎರಡು ವರ್ಷದ ನಂತರ ಕೋವಿಡ್ ಬಗ್ಗೆ ನಡೆದ ವಿಚಾರಣೆಗೆ ಅದೇ ಫೋನಿನ ವಾಟ್ಸ್ಆ್ಯಪ್ ಸಂದೇಶಗಳು ಬೇಕಾದವು. ತಂತ್ರಜ್ಞರು ಅದನ್ನು ತೆರೆದಾಗ 2020ರ ಜನವರಿ ಕೊನೆಯಿಂದ ಜೂನ್‌ವರೆಗಿನ ಸುಮಾರು 5,000 ಸಂದೇಶಗಳು ಅದರಲ್ಲಿ ಇರಲೇ ಇಲ್ಲ. ರೋಗ ಹರಡಲು ಶುರುವಾದ, ಮೊದಲ ಲಾಕ್‌ಡೌನ್ ತೀರ್ಮಾನವಾದ ತಿಂಗಳುಗಳು ಅವು. ತಾನು ಅಳಿಸಿಲ್ಲ ಎಂದು ಜಾನ್ಸನ್ ಹೇಳಿದರು.

ಯುರೋಪಿಯನ್ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಮತ್ತು ಫೈಝರ್ ಕಂಪನಿ ಮುಖ್ಯಸ್ಥರ ನಡುವೆ ಲಸಿಕೆ ಖರೀದಿ ಸಮಯದಲ್ಲಿ ಹೋಗಿಬಂದ ಸಂದೇಶಗಳನ್ನು ನ್ಯೂಯಾರ್ಕ್ ಟೈಮ್ಸ್ ಕೇಳಿತ್ತು. ನಮ್ಮ ಬಳಿ ಇಲ್ಲ ಎಂದು ಕಮಿಷನ್ ಉತ್ತರ ಕೊಟ್ಟಿತು. ಯಾಕೆ ಇಲ್ಲ, ಎಲ್ಲಿ ಹುಡುಕಿದಿರಿ, ಅಳಿಸಿದ್ದಾ, ಫೋನ್ ಬದಲಾಯಿಸಿದ್ದಾ ಎನ್ನುವುದಕ್ಕೆ ನಂಬುವಂಥ ವಿವರಣೆಯನ್ನೇ ಕೊಟ್ಟಿಲ್ಲ ಎಂದು 2025ರ ಮೇ 14ರಂದು ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ ತೀರ್ಪು ಕೊಟ್ಟಿತು. ಆ ಸಂದೇಶಗಳಲ್ಲಿ ಏನಿತ್ತು ಎನ್ನುವುದು ಆ ತೀರ್ಪಿನಿಂದಲೂ ಹೊರಬರಲಿಲ್ಲ.